ಮುಚ್ಚದ ಟಾಕಿ, ನವರಾತ್ರಿಯ ದೀಪ

ಎಂಜಿನ್ ಬಿಚ್ಚಿ ಕಟ್ಟುವುದನ್ನು ಕಲಿಯಬೇಕೆಂದು ಇದನ್ನು ಓದಲು ಕುಳಿತವರು ಈಗಲೇ ಎದ್ದು ಹೋಗಬಹುದು. ಎಂಜಿನ್ ಬಗ್ಗೆ ಹೇಳಲು ಊರ ತುಂಬ ಜನರಿದ್ದಾರೆ. ನಾನು ಹೇಳಹೊರಟಿರುವುದು ಮೋಟರ್‌ಸೈಕಲ್ಲಿನ ಪೆಟ್ರೋಲ್ ಟಾಕಿಯ ಮುಚ್ಚಳದ ಬಗ್ಗೆ. ನಗಬೇಡಿ. ವಾಡಿಯಲ್ಲಿ ನಾನು ಗ್ಯಾರೇಜು ನಡೆಸಿದಷ್ಟು ಕಾಲವೂ ಕೆಲಸ ಕಲಿಯಲು ಬಂದವರು ಮುಚ್ಚಳ ಎಂದರೆ ನಗುತ್ತಿದ್ದರು. ನನ್ನ ಕೈಯಲ್ಲಿ ಹೆಚ್ಚು ಬೈಸಿಕೊಂಡದ್ದೂ ಅದಕ್ಕೇ.

ನಮ್ಮದು ಅರ್ಚಕರ ಮನೆ. ತಂದೆಯ ನಂತರ ಅಣ್ಣ ಪ್ರಹ್ಲಾದಾಚಾರ್ ವೆಂಕಪ್ಪನ ಗುಡಿಯ ಪೂಜೆ ಹಿಡಿದ. ನಾನು ಪಾನಾ, ಪಕ್ಕಡ, ಅಂದರೆ ಸ್ಪ್ಯಾನರು, ಇಕ್ಕಳ ಹಿಡಿದೆ. ಗುಡಿಯ ಗೋಡೆಗೆ ಹೊಂದಿಕೊಂಡೇ ನನ್ನ ಗ್ಯಾರೇಜು. ಊರವರಿಗೆ ಅವನು ಗುಡಿ ಆಚಾರ್ರು, ನಾನು ಗ್ಯಾರೇಜ್ ಆಚಾರ್ರು. ಅಣ್ಣ ಮಡಿಯಲ್ಲಿದ್ದಾಗ ನಾನು ಹತ್ತಿರ ಸುಳಿದರೆ ಸಾಕು, ಪೆಟ್ರೋಲ್ ವಾಸನೆ ಎಂದು ಮೂಗು ಮುಚ್ಚಿಕೊಂಡು ಎರಡು ಹೆಜ್ಜೆ ಹಿಂದೆ ಸರಿಯುತ್ತಿದ್ದ. ನನಗೆ ಮೈಯೆಲ್ಲ ಉರಿಯುತ್ತಿತ್ತು. ಮನೆಯಲ್ಲಿ ಒಬ್ಬರಿಗೊಬ್ಬರು ಮಾತು ಬಿಟ್ಟು ತಿಂಗಳುಗಟ್ಟಲೆ ಇದ್ದದ್ದೂ ಉಂಟು. ಆಗೆಲ್ಲ ನಮ್ಮಿಬ್ಬರ ನಡುವೆ ಸುದ್ದಿ ಸಾಗಿಸುತ್ತಿದ್ದವರು ವೈನಿ, ಅಂದರೆ ಅಣ್ಣನ ಹೆಂಡತಿ.

ನನಗೆ ಕೆಲಸ ಕಲಿಸಿದವರು ಶಹಾಬಾದಿನ ಖಾದರ್ ಉಸ್ತಾದರು. ಬಾಯಿ ಕೆಟ್ಟದ್ದು, ಕೈ ಬಂಗಾರ. ಗಿರಾಕಿ ಬಂದು ಟಾಕಿ ಮುಚ್ಚುವುದಿಲ್ಲ ಎಂದ ತಕ್ಷಣ ನಾವು ಒಬ್ಬೊಬ್ಬರು ಒಂದೊಂದು ಕಾರಣ ಹೇಳತೊಡಗಿದರೆ ಅವರು ಒಂದೇ ಮಾತು ಅನ್ನುತ್ತಿದ್ದರು: “ಪೈಲೆ ಢಕ್ಕನ್ ಕೈಯಾಗ ಹಿಡಿ, ಆಮ್ಯಾಲ ಬಾಯಿ ಬಿಡು.”

ಮೊದಲು ಮುಚ್ಚಳ ಕೈಯಲ್ಲಿ ಹಿಡಿ, ಆಮೇಲೆ ಮಾತಾಡು. ಇಷ್ಟೇ ವಿದ್ಯೆ. ಮುಚ್ಚಳ ಕೂರದಿದ್ದರೆ ಜನ ಮೊದಲು ಅಂಗೈಯಿಂದ ಗುದ್ದುತ್ತಾರೆ, ಆಮೇಲೆ ಮೊಣಕೈಯಿಂದ, ಕೊನೆಗೆ ಕಲ್ಲಿನಿಂದ. ಹಾಗೆ ಮಾಡಬಾರದು. ಅದನ್ನು ಟಾಕಿಯಿಂದ ತೆಗೆದು ಕೈಯಲ್ಲಿ ಹಿಡಿಯಬೇಕು, ಕೀಲಿ ಹಾಕಿ ತಿರುಗಿಸಬೇಕು, ಕೆಳಗಿನ ಎರಡು ನಾಲಿಗೆಗಳನ್ನು ನೋಡಬೇಕು. ಅವು ಸಲೀಸಾಗಿ ಒಳಗೆ ಹೋಗಿ ಹೊರಗೆ ಬಂದರೆ ಬೀಗ ಸರಿಯಿದೆ, ತಪ್ಪು ಅದರ ಸುತ್ತಲಿನ ರಬ್ಬರ್ ರಿಂಗಿನದು. ಅಲ್ಲೇ ಸಿಕ್ಕಿಕೊಂಡರೆ ತಪ್ಪು ಬೀಗದ್ದು. ಇದನ್ನು ನೋಡದೆ ಗುದ್ದಿದರೆ ನಾಲಿಗೆ ಸೊಟ್ಟಗಾಗಿ, ಒಂದು ಇದ್ದ ತೊಂದರೆ ಎರಡಾಗುತ್ತದೆ.

ವಾಡಿಯಲ್ಲಿ ಬೀಗಕ್ಕೆ ಶತ್ರು ಸಿಮೆಂಟ್ ಕಾರ್ಖಾನೆಯ ಧೂಳು. ಕೀಲಿಯ ತೂತಿನಲ್ಲಿ ಕೂತು, ಮೊದಲ ಮಳೆಗೆ ನೆನೆದು, ಒಳಗೇ ಗಟ್ಟಿಯಾಗುತ್ತದೆ. ಜನ ಏನು ಮಾಡುತ್ತಾರೆ? ಎಣ್ಣೆ ಬಿಡುತ್ತಾರೆ. ಎರಡು ದಿನ ಬೀಗ ಬೆಣ್ಣೆಯ ಹಾಗೆ ತಿರುಗುತ್ತದೆ. ಮೂರನೆಯ ದಿನ ಆ ಎಣ್ಣೆಗೆ ಊರಿನ ಧೂಳೆಲ್ಲ ಬಂದು ಅಂಟಿ ಕೀಲಿಯೇ ಒಳಗೆ ಹೋಗುವುದಿಲ್ಲ. ಸೀಮೆಎಣ್ಣೆಯಲ್ಲಿ ತೊಳೆಯಿರಿ, ಹಲ್ಲುಜ್ಜುವ ಹಳೇ ಬ್ರಷ್ಷಿನಿಂದ ತಿಕ್ಕಿರಿ, ಬಿಸಿಲಿಗೆ ಒಣಗಿಸಿರಿ, ಪೆನ್ಸಿಲಿನ ಸೀಸ ಕೆರೆದು ಅದರ ಪುಡಿ ಹಾಕಿರಿ. ಉಸ್ತಾದರ ಕಾಲದಿಂದ ನಾನು ಇದನ್ನೇ ಮಾಡಿದೆ. ಈಗಿನವರು ಡಬ್ಬಿಯಿಂದ ಫುಸ್ ಎಂದು ಹೊಡೆಯುತ್ತಾರೆ, ಇಲ್ಲವಾದರೆ ಇಡೀ ಬೀಗವನ್ನೇ ಹೊಸದು ಹಾಕುತ್ತಾರೆ. ಹಾಕಲಿ. ಆದರೆ ಈಗಿನ ಪೆಟ್ರೋಲಿಗೆ ರಬ್ಬರಿನ ರಿಂಗು ಬೇಗ ಊದಿಕೊಳ್ಳುತ್ತದೆ, ಅದನ್ನು ನೋಡದೆ ಬೀಗ ಬದಲಿಸಿ ಗಿರಾಕಿಯನ್ನು ಕಳಿಸುತ್ತಾರಲ್ಲ, ಆಗ ನನ್ನ ತಲೆ ಕೆಡುತ್ತದೆ. ನಾನು ಸೇಡಂನ ಒಂದು ಅಂಗಡಿಯಿಂದ ರಿಂಗುಗಳನ್ನು ತಂದು ದಾರಕ್ಕೆ ಪೋಣಿಸಿ ಗೋಡೆಗೆ ತೂಗುಹಾಕಿರುತ್ತಿದ್ದೆ.

ಮದುವೆಯಾದ ಹೊಸದರಲ್ಲಿ ಕೆಲಕಾಲ ಚಿಂಚೋಳಿಯಲ್ಲಿ ಅಂಗಡಿ ಇಟ್ಟಿದ್ದೆ. ಅಲ್ಲಿ ಐನಾಪುರದಿಂದ ಒಬ್ಬ ಹಾಲಿನವನು ಬರುತ್ತಿದ್ದ. ಗಾಡಿಯ ಎರಡೂ ಬದಿಗೆ ಹಾಲಿನ ಕ್ಯಾನು. ಮಳೆಗಾಲ ಶುರುವಾದದ್ದೇ ತಡ, ಅವನ ಗಾಡಿ ಅರ್ಧ ದಾರಿಯಲ್ಲಿ ನಿಲ್ಲತೊಡಗಿತು. ಸ್ವಲ್ಪ ಹೊತ್ತು ಬಿಟ್ಟು ಒದ್ದರೆ ಚಾಲೂ ಆಗುತ್ತಿತ್ತು, ಮತ್ತೆ ನಿಲ್ಲುತ್ತಿತ್ತು. ಹಾಲು ಒಡೆಯುತ್ತಿತ್ತು. ಯಾರೋ ಅವನಿಗೆ ದೃಷ್ಟಿಯಾಗಿದೆ ಎಂದು ಹೇಳಿ ಹ್ಯಾಂಡಲ್ಲಿಗೆ ಲಿಂಬೆಹಣ್ಣು ಕಟ್ಟಿಸಿದ್ದರು. ನಾನು ಮುಚ್ಚಳ ಎತ್ತಿದೆ. ಟಾಕಿ ಉಸಿರು ಒಳಗೆಳೆದುಕೊಂಡ ಸದ್ದು ಬಂತು. ಮಳೆ ನೀರು ಇಳಿಯಬಾರದೆಂದು ಪುಣ್ಯಾತ್ಮ ಮುಚ್ಚಳದ ಕೆಳಗೆ ಪ್ಲಾಸ್ಟಿಕ್ ಚೀಲದ ತುಂಡು ಇಟ್ಟು ಒತ್ತಿದ್ದ. ಗಾಳಿ ಆಡುವ ಸಣ್ಣ ತೂತು ಮುಚ್ಚಿಹೋಗಿತ್ತು, ಪೆಟ್ರೋಲ್ ಕೆಳಗಿಳಿಯುತ್ತಿರಲಿಲ್ಲ. ಪ್ಲಾಸ್ಟಿಕ್ ಕಿತ್ತು ಅವನ ಕೈಗೇ ಕೊಟ್ಟು, ಇದೇ ನಿನ್ನ ದೃಷ್ಟಿ ಎಂದೆ. ಅವನು ಲಿಂಬೆಹಣ್ಣನ್ನು ಮಾತ್ರ ಬಿಚ್ಚಲಿಲ್ಲ.

ಇವೆಲ್ಲ ನಗುವ ಮಾತು. ನಾನು ಬರೆಯಲು ಕುಳಿತದ್ದು ಬೇರೆ ಒಂದು ದಿನಕ್ಕಾಗಿ.

ನಮ್ಮ ಕಡೆ ನವರಾತ್ರಿಗೆ ದೀಪ ಹಾಕುತ್ತಾರೆ. ಪಾಡ್ಯದ ದಿನ ಹಚ್ಚಿದ ದೀಪ ವಿಜಯದಶಮಿಯವರೆಗೆ ಆರಕೂಡದು. ಆರಿದರೆ ಮನೆಗೆ ಕೇಡು ಎಂದು ನಂಬಿಕೆ. ಅಣ್ಣ ಆ ದಿನಗಳಲ್ಲಿ ಮನೆಗೇ ಬರುತ್ತಿರಲಿಲ್ಲ. ಗುಡಿಯ ಪಡಸಾಲೆಯಲ್ಲಿ ದೀಪದ ಮಗ್ಗುಲಲ್ಲೇ ಚಾಪೆ ಹಾಸಿಕೊಂಡು, ಎಣ್ಣೆ ಹಾಕುತ್ತ, ಬತ್ತಿ ಮುಂದೆ ಮಾಡುತ್ತ ಇದ್ದುಬಿಡುತ್ತಿದ್ದ. ನಾನು ಹೇಳುತ್ತಿರುವ ವರ್ಷ ವೈನಿ ಕಲಬುರಗಿಯ ಆಸ್ಪತ್ರೆಯಲ್ಲಿದ್ದರು. ಹೊಟ್ಟೆಯ ಆಪರೇಷನ್ ಆಗಿತ್ತು, ಜ್ವರ ಬಿಟ್ಟಿರಲಿಲ್ಲ. ಮಗ ಅವರ ಹತ್ತಿರ ಇದ್ದ. ಅಣ್ಣ ಆಸ್ಪತ್ರೆಗೆ ಹೋಗಲಿಲ್ಲ. ಒಮ್ಮೆ ಹೋಗಿ ನೋಡಿ ಬಾ, ದೀಪ ನಾನು ಕಾಯುತ್ತೇನೆ ಎಂದರೆ, ಆಕೆಗಾಗಿಯೇ ಇಲ್ಲಿ ಕೂತಿದ್ದೇನೆ, ಇದು ನೆಟ್ಟಗೆ ಉರಿದರೆ ಆಕೆ ಎದ್ದು ಮನೆಗೆ ಬರುತ್ತಾಳೆ ಎಂದ. ನನಗೆ ಸಿಟ್ಟು ಬಂತು, ಆದರೂ ಎಣ್ಣೆಯ ಡಬ್ಬಿ ತುಂಬಿಸಿ ಅವನ ಪಕ್ಕಕ್ಕೆ ಇಟ್ಟು ಬಂದೆ.

ಖಂಡೇನವಮಿಯ ದಿನ ಬಂತು. ಅಂದು ಕೆಲಸದ ಸಾಮಾನುಗಳಿಗೆ ಪೂಜೆ. ಪೂಜೆಗೆ ಕೂತ ಸಾಮಾನನ್ನು ದಶಮಿಯವರೆಗೆ ಯಾರೂ ಮುಟ್ಟುವುದಿಲ್ಲ. ನನ್ನ ಪಾನಾ, ಪಕ್ಕಡ, ಸ್ಕ್ರೂಡ್ರೈವರುಗಳನ್ನೆಲ್ಲ ತೊಳೆದು ಪಡಸಾಲೆಯಲ್ಲಿ ದೀಪದ ಮುಂದೆ ಹಲಗೆಯ ಮೇಲೆ ಇಟ್ಟಿದ್ದೆವು. ಅಂಗಳದಲ್ಲಿ ಗಾಡಿಗಳ ಸಾಲು. ಒಂದರ ಹಿಂದೆ ಒಂದು, ಹ್ಯಾಂಡಲ್ಲಿಗೆ ಹ್ಯಾಂಡಲ್ ತಾಗುವಂತೆ. ಅಣ್ಣ ಒದ್ದೆ ಮಡಿಯಲ್ಲಿ, ಹೆಗಲ ಮೇಲೆ ಒದ್ದೆ ಶಲ್ಯ ಹಾಕಿಕೊಂಡು, ಒಂದೊಂದೇ ಗಾಡಿಗೆ ಕರ್ಪೂರದ ಆರತಿ ಎತ್ತುತ್ತಿದ್ದ. ಆ ಅಂಗಳಕ್ಕೆ ಹಳೇ ಫರ್ಸಿ ಕಲ್ಲಿನ ಮೇಲೇ ಹೊಸ ಶಹಾಬಾದ ಫರ್ಸಿ ಹಾಸಿದ್ದರು. ಹಾಗಾಗಿ ಪಡಸಾಲೆಯೇ ತಗ್ಗಿಗೆ ಬಿದ್ದಿತ್ತು, ಮಳೆ ಬಂದರೆ ನೀರು ನೇರ ಒಳಗೆ.

ಸಾಲಿನಲ್ಲಿ ನನಗೆ ಪೆಟ್ರೋಲ್ ವಾಸನೆ ಬಂತು. ಎಲ್ಲಿಂದ ಎಂದು ನೋಡುತ್ತ ಬಂದರೆ ಸಿದ್ಧರಾಮನ ಗಾಡಿ. ಶಹಾಬಾದಿನಲ್ಲಿ ಫರ್ಸಿ ಪಾಲಿಶ್ ಮಾಡುವ ಕೆಲಸದವನು, ನನ್ನ ಹಳೇ ಗಿರಾಕಿ. ಹಿಂದೆ ಹೆಂಡತಿ, ಮುಂದೆ ಟಾಕಿಯ ಮೇಲೆ ಪುಟ್ಟ ಮಗಳು, ಹಬ್ಬಕ್ಕೆ ಹೊಸ ಜರಿ ಲಂಗ ಹಾಕಿಕೊಂಡು. ಆ ಲಂಗದ ಕೆಳಗೆ ಒಂದು ಟವೆಲ್ಲು ಇಣುಕುತ್ತಿತ್ತು. ಟವೆಲ್ಲು ಯಾಕೆ ಎಂದು ಕೇಳಿದೆ. ಢಕ್ಕನ್ ಕೂರುತ್ತಿಲ್ಲ, ಅದಕ್ಕೇ ಒತ್ತಿ ಇಟ್ಟಿದ್ದೇನೆ ಎಂದ. ಬೆಳಗ್ಗೆ ಮನೆಯಲ್ಲೇ ಒಂದು ಪೂಜೆ ಮಾಡಿ, ಕೀಲಿಯ ತೂತಿಗೂ ಅರಿಶಿನ ಕುಂಕುಮ ಹಚ್ಚಿ, ಟಾಕಿಯ ಮೇಲೆ ಕಾಯಿ ಒಡೆದಿದ್ದ. ಪಂಪಿನಲ್ಲಿ ಟಾಕಿ ತುಂಬಿಸಿದ ಮೇಲೆ ಮುಚ್ಚಳ ಕೂರಲಿಲ್ಲವೆಂದು ಹತ್ತಿರದ ಅಂಗಡಿಯಿಂದ ಕುಸುಬಿ ಎಣ್ಣೆ ಇಸಿದುಕೊಂಡು ಬೀಗಕ್ಕೆ ಬಿಟ್ಟಿದ್ದ. ಕಾಯಿಯ ನೀರು, ಕುಂಕುಮ, ಎಣ್ಣೆ, ಮೇಲೆ ಫರ್ಸಿಯ ಧೂಳು. ಬೀಗದೊಳಗೆ ಅಂಟು ಕಲಸಿದಂತಾಗಿತ್ತು. ಶಹಾಬಾದಿನಿಂದ ವಾಡಿಯವರೆಗೆ, ಗುಂಡಿ ಸಿಕ್ಕಲ್ಲೆಲ್ಲ ಪೆಟ್ರೋಲ್ ತುಳುಕಿ ಟವೆಲ್ಲಿಗೆ, ಟವೆಲ್ಲಿನಿಂದ ಮಗುವಿನ ಲಂಗಕ್ಕೆ ಇಳಿದಿತ್ತು.

ಮುಂದೆ ಎರಡೇ ಗಾಡಿ. ಅದರಾಚೆ ಅಣ್ಣನ ಕೈಯಲ್ಲಿ ಕರ್ಪೂರ ಉರಿಯುತ್ತಿದೆ.

ಮಗುವನ್ನು ಇಳಿಸು, ಗಾಡಿ ಹಿಂದೆ ತೆಗೆ ಎಂದೆ.

“ಇದೊಂದು ಆರತಿ ಆಗ್ಲಿರಿ ಆಚಾರ್ರ, ಆಮ್ಯಾಲ ನಿಮ್ಮ ಬಲ್ಲಿನೇ ಬರ್ತೀನಿ. ಪಾಳಿ ಹೋಗ್ತದ.”

ಪಾಳಿಯಂತೆ ಪಾಳಿ! ನಾನು ಮಗುವಿನ ಕಂಕುಳಿಗೆ ಕೈ ಹಾಕಿದೆ. ಅದು ಹ್ಯಾಂಡಲ್ ಬಿಗಿಯಾಗಿ ಹಿಡಿದುಕೊಂಡು ಕಿರುಚಿತು. ತೊಡೆ ಉರಿಯುತ್ತಿದೆ ಎಂದು ದಾರಿಯಿಂದ ಅಳುತ್ತಲೇ ಇದ್ದಾಳೆ, ಹೊಸ ಲಂಗ ಚುಚ್ಚುತ್ತಿರಬೇಕು ಅಂದುಕೊಂಡೆವು ಎಂದು ತಾಯಿ ಹೇಳುತ್ತ ಕೆಳಗಿಳಿದಳು. ಸಿದ್ಧರಾಮ ಮಗಳ ಬೆರಳು ಬಿಡಿಸಲು ಒಂದು ಕೈ ಬಿಟ್ಟ. ಅದೇ ಹೊತ್ತಿಗೆ ಹಿಂದಿನ ಗಾಡಿಯವನು ಮುಂದಕ್ಕೆ ನೂಕಿದ. ಮಗು ನನ್ನ ತೋಳಿಗೆ ಬಂತು, ಗಾಡಿ ಆ ಕಡೆಗೆ ಉರುಳಿಬಿತ್ತು. ಮುಚ್ಚಳ ಹಾರಿಹೋಗಿ, ತುಂಬಿದ ಟಾಕಿಯ ಪೆಟ್ರೋಲ್ ಬುಳುಬುಳು ಎಂದು ಫರ್ಸಿಯ ಮೇಲೆ ಹರಿಯಿತು.

ಪೆಟ್ರೋಲಿನಲ್ಲಿ ನೆಂದ ಮಗು ನನ್ನ ಎದೆಗೆ ಅಂಟಿಕೊಂಡಿದೆ. ಪಾದದ ಕೆಳಗೆ ಪೆಟ್ರೋಲ್. ಹಿಂದೆ ಗಾಡಿಗಳು, ಎರಡೂ ಬದಿಗೆ ಗೋಡೆ, ಓಡಲು ದಾರಿಯಿಲ್ಲ. ಎದುರಿಗೆ ಬೆಂಕಿ. ಹೆದರಿ ಯಾರಾದರೂ ಗಾಡಿ ಚಾಲೂ ಮಾಡಿದರೂ ಸಾಕು, ಎಲ್ಲ ಮುಗಿದಂತೆ. ಯಾರೂ ಕೀಲಿ ಮುಟ್ಟಬೇಡಿ ಎಂದು ಕೂಗಿದೆ. ಆಮೇಲೆ ಅಣ್ಣನನ್ನು ಕೂಗಿದೆ.

“ಅಣ್ಣಾ, ಆರತಿ ಆರ್ಸು.”

ಅವನು ಮಂತ್ರದ ನಡುವೆ ಇದ್ದ. ತಿರುಗಿ ನೋಡಿದ. ವಾಸನೆ ಅವನಿಗೂ ಬಡಿದಿರಬೇಕು, ಯಾಕೆ ಎಂದು ಕೇಳಲಿಲ್ಲ. ತಟ್ಟೆಯನ್ನು ಕೆಳಗೆ ಎಸೆದಿದ್ದರೆ ಅಲ್ಲಿಗೇ ಹತ್ತಿಕೊಳ್ಳುತ್ತಿತ್ತು. ಎಸೆಯಲಿಲ್ಲ. ಉರಿಯುವ ಕರ್ಪೂರದ ಮೇಲೆ ಬರಿ ಅಂಗೈ ಊರಿ ಒತ್ತಿ ಹಿಡಿದ. ಅವನ ಮುಖ ಹಿಂಡಿಕೊಂಡದ್ದು ನನಗೆ ಕಂಡಿತು. ಕೈ ಎತ್ತಿದಾಗ ಕರ್ಪೂರ ಆರಿತ್ತು.

ಆದರೆ ಪೆಟ್ರೋಲ್ ನಿಂತಿರಲಿಲ್ಲ. ಫರ್ಸಿಯ ಸಂದಿ ಹಿಡಿದು ಇಳಿಜಾರಿಗೆ, ಪಡಸಾಲೆಯ ಕಡೆಗೆ ಹೊರಟಿತ್ತು. ಅಲ್ಲಿ ನೆಲದ ಮೇಲೆ ದೀಪ. ಅಣ್ಣ ಆ ಹರಿವನ್ನು ನೋಡಿದ, ದೀಪವನ್ನು ನೋಡಿದ, ನಂತರ ನನ್ನನ್ನು, ನನ್ನ ತೋಳಿನಲ್ಲಿದ್ದ ಮಗುವನ್ನು ನೋಡಿದ. ಒಂದು ಉಸಿರು ಬಿಡುವಷ್ಟು ಹೊತ್ತು ಅಲ್ಲಾಡದೆ ನಿಂತ. ಅವನ ತಲೆಯಲ್ಲಿ ಏನಿತ್ತೆಂದು ನನಗೊಬ್ಬನಿಗೇ ಗೊತ್ತಿತ್ತು. ಆರಿಸು ಎಂದು ಹೇಳಲು ಯಾವ ಬಾಯಿ ನನಗೆ?

ಅಣ್ಣ ಎರಡು ದಾಪುಗಾಲಿನಲ್ಲಿ ಪಡಸಾಲೆಗೆ ಇಳಿದ. ಹೆಗಲ ಮೇಲಿನ ಒದ್ದೆ ಶಲ್ಯ ಎಳೆದು, ಅಷ್ಟು ದಿನ ಕಾಯ್ದ ದೀಪದ ಮೇಲೆ ಪೂರ್ತಿ ಹೊದಿಸಿ, ಎರಡೂ ಕೈಯಿಂದ ಅಮುಕಿದ. ಊದುಬತ್ತಿಗಳನ್ನು ಕಿತ್ತು ತಾಮ್ರದ ಚೆಂಬಿನ ನೀರಿಗೆ ಅದ್ದಿದ. ಪೆಟ್ರೋಲ್ ಬಂದು ಅವನ ಕಾಲಿಗೆ ತಾಗಿತು, ಹಲಗೆಯ ಕೆಳಗೆ ನುಗ್ಗಿತು, ದೀಪದ ಬುಡ ಸುತ್ತಿಕೊಂಡಿತು. ಶಲ್ಯದ ಕೆಳಗಿಂದ ಸ್ವಲ್ಪ ಹೊಗೆ ಬಂದು ನಿಂತುಹೋಯಿತು.

ಆಮೇಲೆ ಎಲ್ಲರೂ ಒಟ್ಟಿಗೆ ಕೆಲಸಕ್ಕೆ ಬಿದ್ದರು. ಹಿಂದಿನ ಗಾಡಿಗಳನ್ನು ನೂಕಿಕೊಂಡೇ ಹೊರಗೆ ಸಾಗಿಸಿದರು, ಮರಳು ತಂದು ಸುರಿದರು. ನಾನು ಮಗುವನ್ನು ನಳದ ಕೆಳಗೆ ಹಿಡಿದೆ. ತಾಯಿ ಲಂಗ ಬಿಚ್ಚಿ ಎಸೆದು, ಅಳುತ್ತ ಸೋಪು ಹಚ್ಚಿ ತೊಳೆದಳು. ತೊಡೆ ಕೆಂಪಾಗಿ ಗುಳ್ಳೆ ಎದ್ದಿತ್ತು. ಆಸ್ಪತ್ರೆಗೆ ಕರೆದುಕೊಂಡು ಹೋದಾಗ ಡಾಕ್ಟರು ಮುಲಾಮು ಕೊಟ್ಟು, ವಾಸಿಯಾಗುತ್ತದೆ ಎಂದರಂತೆ. ಸಿದ್ಧರಾಮ ಬಿದ್ದ ಗಾಡಿಯ ಮುಂದೆ ತಲೆ ಹಿಡಿದುಕೊಂಡು ಕೂತಿದ್ದ. ಅವನಿಗೆ ಬೈಯಲೆಂದೇ ಹೋದೆ. ಆದರೆ ಅವನ ಜೊತೆ ಕೈ ಹಾಕಿ ಗಾಡಿ ಎತ್ತಿ ನಿಲ್ಲಿಸಿದೆ.

ಅಷ್ಟರಲ್ಲಿ ಗುಡಿಯ ಹಿರಿಯರೊಬ್ಬರು, ದೀಪ ಆರಿತಲ್ಲ, ಇನ್ನೇನು ಕಾದಿದೆಯೋ ಎಂದು ಗೊಣಗಿದರು. ಅಣ್ಣ ಸುಟ್ಟ ಅಂಗೈಯನ್ನು ಮಡಿಲಲ್ಲಿ ಇಟ್ಟುಕೊಂಡು ಪಡಸಾಲೆಯ ಅಂಚಿಗೆ ಕೂತಿದ್ದ. ಗಾಡಿಯ ಟಾಕಿಯಲ್ಲಿ ಇನ್ನೂ ಪೆಟ್ರೋಲ್ ಇತ್ತು, ಬಾಯಿ ತೆರೆದೇ ಇತ್ತು. ಅದು ಮುಚ್ಚುವತನಕ ಪಡಸಾಲೆಯಲ್ಲಿ ಕಡ್ಡಿ ಗೀರುವ ಹಾಗಿರಲಿಲ್ಲ. ನನ್ನ ಸಾಮಾನು ಪೂಜೆಯ ಹಲಗೆಯ ಮೇಲೆ, ಹೂವಿನ ಕೆಳಗೆ. ನಾನು ದೂರದಲ್ಲೇ ನಿಂತು ಅತ್ತ ನೋಡಿದೆ. ಅಣ್ಣ ನನ್ನ ಕಡೆ ನೋಡಿ, ಎಡಗೈಯಿಂದ ಹೂವು ಸರಿಸಿ, ಪಕ್ಕಡ ಎತ್ತಿ ಚಾಚಿದ.

“ತೊಗೋ ಭೀಮಾ. ಮೊದಲು ಅದನ್ನ ಮುಚ್ಚು.”

ನಾನು ಮುಚ್ಚಳ ಕೈಯಲ್ಲಿ ಹಿಡಿದೆ. ಕೀಲಿ ಹಾಕಿ ತಿರುಗಿಸಿದರೆ ನಾಲಿಗೆ ಅರ್ಧಕ್ಕೆ ನಿಂತಿತು. ಒಂದು ನಾಲಿಗೆ ಗುದ್ದಿಸಿಕೊಂಡು ಸೊಟ್ಟಗಾಗಿತ್ತು. ಗ್ಯಾರೇಜಿನಿಂದ ಸೀಮೆಎಣ್ಣೆ ತಂದು ಬೀಗವನ್ನು ಅದ್ದಿ ಅದ್ದಿ ತಿಕ್ಕಿದೆ. ಕೆಂಪು ಅಂಟು ಬಿಡುತ್ತಲೇ ಇತ್ತು, ಮುಗಿಯುವುದೇ ಇಲ್ಲ ಅನಿಸಿತು. ಅವಸರ ಮಾಡಿದರೆ ನಾಲಿಗೆ ಮುರಿಯುತ್ತದೆ, ತಡ ಮಾಡಿದರೆ ಎದುರಿಗೆ ಅಣ್ಣನ ಆ ಮುಖ. ನನ್ನ ಆಯುಷ್ಯದಲ್ಲಿ ಯಾವ ಎಂಜಿನ್ನಿನ ಮುಂದೆಯೂ ನಾನು ಹಾಗೆ ಬೆವರಿಲ್ಲ. ನಾಲಿಗೆಯನ್ನು ಪಕ್ಕಡದಲ್ಲಿ ಹಿಡಿದು ಕೂದಲೆಳೆಯಷ್ಟು ಕೂದಲೆಳೆಯಷ್ಟು ನೆಟ್ಟಗೆ ಮಾಡಿದೆ. ಒಣಗಿಸಿದೆ, ಸೀಸದ ಪುಡಿ ಹಾಕಿದೆ, ರಬ್ಬರ್ ರಿಂಗು ಬದಲಿಸಿದೆ. ಟಾಕಿಯ ಮೇಲೆ ಇಟ್ಟು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದೆ. ಟಕ್ ಎಂದು ಕೂತಿತು.

ಅಂಗಳ ತೊಳೆದು, ವಾಸನೆ ಪೂರ್ತಿ ಹೋದ ಮೇಲೆ ಅಣ್ಣ ಮತ್ತೆ ಸ್ನಾನ ಮಾಡಿ ಬಂದು, ಎತ್ತರದ ಗರ್ಭಗುಡಿಯಲ್ಲಿ ಆರದೆ ಉಳಿದಿದ್ದ ದೀಪದಿಂದ ಪಡಸಾಲೆಯ ದೀಪ ಹಚ್ಚಿದ. ಜನ ಚದುರಿದ ನಂತರ ನನ್ನನ್ನು ಹತ್ತಿರ ಕರೆದ.

“ಆಸ್ಪತ್ರಿಗೆ ಒಂದ್ ಫೋನ್ ಹಚ್ಚು. ನನಗ ಧೈರ್ಯ ಇಲ್ಲ.”

ಹಚ್ಚಿದೆ. ಗಂಟೆ ಹೋಗುತ್ತಲೇ ಇತ್ತು, ಯಾರೂ ಎತ್ತಲಿಲ್ಲ. ಅಣ್ಣ ಕಂಬ ಹಿಡಿದುಕೊಂಡ. ಮತ್ತೆ ಹಚ್ಚಿದೆ. ಕೊನೆಗೆ ಅವನ ಮಗ ಎತ್ತಿ, ಫೋನು ಚಾರ್ಜಿಗೆ ಇಟ್ಟು ಹೊರಗೆ ಹೋಗಿದ್ದೆ ಕಾಕಾ, ಅವ್ವ ಗಂಜಿ ಕುಡಿದು ಮಲಗಿದ್ದಾಳೆ, ಇವತ್ತು ಜ್ವರವೂ ಇಳಿದಿದೆ ಎಂದ. ನಾನು ಫೋನನ್ನು ಅಣ್ಣನ ಕಿವಿಗೆ ಹಿಡಿದೆ. ಅವನು ಹ್ಞೂಂ ಹ್ಞೂಂ ಎಂದು ಕೇಳಿಸಿಕೊಂಡ. ಆಮೇಲೆ ಅಲ್ಲೇ ಕುಸಿದು ಕೂತು, ಚಿಕ್ಕವರಿದ್ದಾಗಲೂ ನಾನು ಕಂಡಿರದ ಹಾಗೆ ಅತ್ತ. ನಾನೂ ಅತ್ತೆ. ಗ್ರೀಸಿನ ಕೈಯಿಂದಲೇ ಅವನ ಬೆನ್ನು ನೇವರಿಸಿದೆ. ಅವನು ಸರಿಯಲಿಲ್ಲ.

ವೈನಿ ದೀಪಾವಳಿಗೆ ಮುಂಚೆ ಮನೆಗೆ ಬಂದರು. ದೀಪ ಆರಿಸಿದ ಸುದ್ದಿಯನ್ನು ಅಣ್ಣ ಅವರಿಗೆ ಹೇಳಲು ಹಿಂದೆ ಮುಂದೆ ನೋಡುತ್ತಿದ್ದ, ಕೊನೆಗೆ ನಾನೇ ಹೇಳಿದೆ. ಅವರು ಕೇಳಿದ್ದು ಒಂದೇ: “ಕೂಸಿಗೆ ಏನೂ ಆಗ್ಲಿಲ್ಲಲ್ಲ?”

ಮರುದಿನ ಬೆಳಗ್ಗೆ ಪೂಜೆ ಮುಗಿಸಿದ ಅಣ್ಣ, ಎಂದೂ ಕಾಲಿಡದವನು, ನನ್ನ ಗ್ಯಾರೇಜಿನ ಒಳಗೆ ಬಂದು ನಿಂತ. ಮುಚ್ಚಳ ಸರಿಯಾಗಿ ಕೂತಿದೆಯೋ ಇಲ್ಲವೋ ಎಂದು ಹೇಗೆ ಗುರುತಿಸುವುದು, ತೋರಿಸು ಎಂದ. ನಾನು ತಮಾಷೆ ಮಾಡಲಿಲ್ಲ. ನಾಲ್ಕು ಬೇರೆ ಬೇರೆ ಗಾಡಿಗಳ ಮೇಲೆ ಅವನ ಬೆರಳು ಇಡಿಸಿ, ಕೂತ ಮುಚ್ಚಳ ಹೇಗಿರುತ್ತದೆ, ಕೂರದ್ದು ಹೇಗೆ ಅಲ್ಲಾಡುತ್ತದೆ ಎಂದು ತೋರಿಸಿದೆ.

ಈಗ ನನ್ನ ಗ್ಯಾರೇಜನ್ನು ಉಸ್ತಾದರ ಮೊಮ್ಮಗ ನಡೆಸುತ್ತಾನೆ. ನಾನು ಗುಡಿಯ ಕಟ್ಟೆಯ ಮೇಲೆ ಕೂತು ಹೋಗಿಬರುವವರನ್ನು ಮಾತಾಡಿಸುತ್ತೇನೆ. ಅಣ್ಣನಿಗೆ ಬೆನ್ನು ಬಾಗಿದೆ, ಆದರೂ ಪೂಜೆ ಬಿಟ್ಟಿಲ್ಲ. ಈ ಸಲದ ಖಂಡೇನವಮಿಗೂ ಗಾಡಿಗಳ ಸಾಲು ಅಂಗಳ ದಾಟಿ ರಸ್ತೆಗೆ ಬಂದಿತ್ತು. ಅಣ್ಣ ಬರಿಗೈಯಲ್ಲಿ ಸಾಲಿನ ಉದ್ದಕ್ಕೂ ನಡೆದ. ಮಡಿಯಲ್ಲೇ, ಒಂದೊಂದು ಟಾಕಿಯ ಮುಚ್ಚಳ ಒತ್ತಿ ನೋಡುತ್ತ. ಸಾಲಿನ ಕೊನೆಯ ಹತ್ತಿರ ಒಂದು ಗಾಡಿಯ ಮುಂದೆ ನಿಂತ, ಎರಡು ಸಲ ಒತ್ತಿದ. ಗಾಡಿಯವನು ಅವಸರದಲ್ಲಿದ್ದ, ಮುಹೂರ್ತ ಮೀರುತ್ತದೆ ಎಂದು ಏನೋ ಹೇಳಿದ. ಅಣ್ಣ ಅವನ ಮುಖವನ್ನೂ ನೋಡದೆ ನನ್ನ ಕಡೆ ತಿರುಗಿದ.

“ಭೀಮಾ, ಇದೊಂದು ಕುಂದ್ರವಲ್ದು. ಬಾ. ಆರತಿ ಆಮ್ಯಾಲ ಹಚ್ಚತೀನಿ.”

ನಾನು ಮೊಣಕಾಲು ಹಿಡಿದುಕೊಂಡು ಕಟ್ಟೆಯಿಂದ ಎದ್ದೆ.